ಹಾಲಸ್ವಾಮಣ್ಣನ ಹೊಟ್ಟೆಚೀಲ

ಮೊದಲೇ ಹೇಳಿಬಿಡುತ್ತೇನೆ, ನಾನು ದರ್ಜಿ. ಚನ್ನಗಿರಿಯ ಅಡಿಕೆ ಮಂಡಿಗಳ ಸಾಲಿಗೆ ಎದುರಾಗಿ ನನ್ನ ಅಂಗಡಿ. ಹೊರಗೆ ‘ಹಜೀರಾ ಲೇಡೀಸ್ ಟೈಲರ್’ ಎಂಬ ಬೋರ್ಡು, ಒಳಗೆ ಒಂದು ಹೊಲಿಗೆ ಮಷೀನು, ಬಟ್ಟೆಯ ರಾಶಿ, ಅದರ ಹಿಂದೆ ಎಲ್ಲೋ ನಾನು. ಇಪ್ಪತ್ತೆರಡು ವರ್ಷದಿಂದ ಈ ಊರಿನ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದೇನೆ. ಹೊಲಿಗೆ ಬಿಚ್ಚಿತು ಎಂದು ವಾಪಸು ಬಂದವರಿಲ್ಲ. ಬಂದಿದ್ದರೆ ಅವರೇ ದಪ್ಪಗಾಗಿದ್ದರು, ಅಷ್ಟೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸುಳ್ಳೇಕೆ, ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ. ಆ ಜಂಬಕ್ಕೆ ಏನಾಯಿತು ಎನ್ನುವುದು ಹಾಲಸ್ವಾಮಣ್ಣನ ಕಥೆಯಲ್ಲೇ ಬರುತ್ತದೆ.

ಹಾಲಸ್ವಾಮಣ್ಣ ಎದುರಿನ ಮಂಡಿಯಲ್ಲಿ ಚೀಲದ ಬಾಯಿ ಹೊಲಿಯುವವನು. ವಯಸ್ಸು ಐವತ್ತಾರು, ಮೈಯಲ್ಲಿ ಮಾಂಸ ಕಡಿಮೆ, ಹೆಗಲ ಮೇಲೊಂದು ಟವೆಲ್ಲು, ಟವೆಲ್ಲಿಗೆ ಸಿಕ್ಕಿಸಿದ ಗೇಣುದ್ದದ ದಬ್ಬಳ. ಅಡಿಕೆ ತುಂಬಿದ ಗೋಣಿಚೀಲವನ್ನು ಹಮಾಲರು ತಂದು ಅವನ ಮುಂದೆ ನಿಲ್ಲಿಸುತ್ತಾರೆ. ಅವನು ಚೀಲದ ಎರಡೂ ಮೂಲೆಗಳನ್ನು ಕಿವಿಯ ಹಾಗೆ ಹಿಂಡಿ, ದಬ್ಬಳಕ್ಕೆ ಹುರಿದಾರ ಪೋಣಿಸಿ, ಆ ಕಿವಿಯಿಂದ ಈ ಕಿವಿಗೆ ಸರಸರನೆ ಹೊಲಿದು, ಕೊನೆಗೊಂದು ಗಂಟು ಹಾಕಿ ಚೋಟುದ್ದದ ಬಾಲ ಬಿಡುತ್ತಾನೆ. ನಾನು ಸೂಜಿಯ ಕಣ್ಣು ಹುಡುಕುವಷ್ಟರಲ್ಲಿ ಅವನದೊಂದು ಚೀಲ ಮುಗಿದಿರುತ್ತದೆ.

ಆ ಬಾಲದಲ್ಲೇ ಎಲ್ಲ ಇರುವುದು. ಅದನ್ನು ಹಿಡಿದು ಒಮ್ಮೆ ಎಳೆದರೆ ಸಾಕು, ಇಡೀ ಹೊಲಿಗೆ ಜರ್ರನೆ ಬಿಚ್ಚಿಕೊಳ್ಳುತ್ತದೆ. ಖರೀದಿಗೆ ಬಂದವರು ಅಡಿಕೆಯನ್ನು ಕೈಯಲ್ಲಿ ಹಿಡಿದು ನೋಡಬೇಕು, ಕಚ್ಚಿ ನೋಡಬೇಕು. ಅವರಿಗೆ ಬಿಚ್ಚಲು ತಡವಾಗಬಾರದು, ಗೋಣಿಯೂ ಹರಿಯಬಾರದು. ಅದಕ್ಕೆ ಮಂಡಿಯ ಹೊಲಿಗೆಯನ್ನು ಹಾಗೆ ಹಾಕುತ್ತಾರೆ.

“ಅದು ಹೊಲಿಗೆಯಲ್ಲ ಅಣ್ಣಾ, ಕಟ್ಟೋದು ಅದು” ಎಂದು ನಾನು ಎಷ್ಟು ವರ್ಷದಿಂದ ಅವನನ್ನು ರೇಗಿಸಿದ್ದೇನೋ ಲೆಕ್ಕವಿಲ್ಲ.

“ಆತು ಬಿಡಮ್ಮ. ನೀನು ಹೊಲಿ, ನಾನು ಕಟ್ತೀನಿ” ಎಂದು ನಕ್ಕು ಚಹಾದ ಲೋಟ ತಿರುಗಿಸಿಡುತ್ತಿದ್ದ. ಅವನಿಗೆ ಅದು ಎಲ್ಲಿ ನೋಯುತ್ತಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ.

ಗೊತ್ತಾಗಿದ್ದು ಪ್ರವೀಣ್ ಮೇಷ್ಟ್ರಿಂದ. ಪ್ರವೀಣ್ ಕುಮಾರ್ ಇಲ್ಲಿಯ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ರಜೆ ಬಂತೆಂದರೆ ಬಟ್ಟೆ, ಹೊದಿಕೆ, ಊಟ ಎಲ್ಲವನ್ನೂ ಸೈಕಲ್ಲಿಗೇ ಕಟ್ಟಿಕೊಂಡು ಊರೂರು ತಿರುಗುವ ಹುಚ್ಚು ಅವರಿಗೆ. ಅದಕ್ಕೆ ಬೈಕ್‌ಪ್ಯಾಕಿಂಗ್ ಎನ್ನುತ್ತಾರಂತೆ. ಒಂದು ದಿನ ಅವರ ಸೈಕಲ್ಲಿನ ಚೀಲ ಹರಿದು ನನ್ನ ಹತ್ತಿರ ತಂದರು. ಸೈಕಲ್ಲಿನ ಮೂರು ಕೊಳವೆಗಳ ನಡುವೆ, ಕಾಲೆರಡರ ಮಧ್ಯೆ ಕೂರುವ ಮುಕ್ಕೋಣದ ಚೀಲ ಅದು. ಬಟ್ಟೆ ಎಷ್ಟು ದಪ್ಪವಿತ್ತೆಂದರೆ ನನ್ನ ಮಷೀನಿನ ಎರಡು ಸೂಜಿ ಮುರಿದವು. ನಾನು ಸಿಡುಕಿ ವಾಪಸು ಕೊಟ್ಟೆ. ಎದುರಿನಿಂದ ಎದ್ದು ಬಂದ ಹಾಲಸ್ವಾಮಣ್ಣ ಟವೆಲ್ಲಿನಿಂದ ದಬ್ಬಳ ತೆಗೆದು, ನಿಂತ ನಿಲುವಿನಲ್ಲೇ ಹೊಲಿದುಕೊಟ್ಟ.

ಆಮೇಲೆ ಅವನು ಆ ಚೀಲವನ್ನು ಬಿಡಲೇ ಇಲ್ಲ. ಒಳಗೆ ಕೈ ಹಾಕಿದ, ಹೊರಗಿನಿಂದ ತಟ್ಟಿದ, ಮೂಸಿಯೂ ನೋಡಿದ.

“ಮೇಷ್ಟ್ರೇ, ಇದು ಸೈಕಲ್ಲಿನ ಹೊಟ್ಟೆಚೀಲ. ಇಂಥದೊಂದು ನಾನೇ ಹೊಲ್ಕೊಂಡ್ರೆ ನಿಮ್ ಜೊತೆ ಬರಾಕೆ ಆಗ್ತದಾ?”

ಮೇಷ್ಟ್ರು ತಮಾಷೆಗೆ “ಬರ್ರಿ ಹಾಲಸ್ವಾಮಣ್ಣ, ದಸರಾ ರಜೆಗೆ ಹೊರಡ್ತಾ ಇದೀವಿ” ಎಂದರು. ಹೊನ್ನಾಳಿ, ಅಲ್ಲಿಂದ ನ್ಯಾಮತಿ ಕಡೆ ಸೂರಗೊಂಡನಕೊಪ್ಪ, ಅಲ್ಲಿಂದ ದಾವಣಗೆರೆ ಹಾದು ಜಗಳೂರು. ನಾಲ್ಕು ದಿನ. ತಮಾಷೆಗೆ ಹೇಳಿದ್ದನ್ನು ಇವನು ಗಂಟು ಹಾಕಿಕೊಂಡ.

ಅವನ ಹೆಂಡತಿ ಶಿವಗಂಗಮ್ಮ ನನ್ನ ಹತ್ತಿರ ಬಂದು ದೂರು ಹೇಳಿದಳು: “ಸೈಕಲ್ಲಿಗೆ ಗಂಟು ಕಟ್ಕೊಂಡು ಊರೂರು ತಿರುಗೋದಕ್ಕೆ ಹೆಸರು ಬೇರೆ ಇಟ್ಟಾರಾ ಹಜೀರಮ್ಮ? ಪಾತ್ರೆ ಮಾರಾಕೆ ಬರೋರು ದಿನಾ ಮಾಡ್ತಾರಲ್ಲ!”

ನಾನೂ ನಕ್ಕೆ. ಮಾರನೆಯ ದಿನ ಚಹಾ ಹೊತ್ತಿನಲ್ಲಿ ಅವನನ್ನೇ ಕೇಳಿದೆ. “ಚೀಲ ಬೇಕಿದ್ರೆ ನನ್ನ ಯಜಮಾನ್ರು ಹೊಲಿದು ಕೊಡ್ತಾರೆ ಅಣ್ಣಾ. ನಿಮಗ್ಯಾಕೆ ಈ ಉಸಾಬರಿ?” ನನ್ನ ಯಜಮಾನರು ಖಲಂದರ್, ಆಟೋಗಳ ಸೀಟು, ಟಾಪು ಹೊಲಿಯುವ ಕೆಲಸದವರು.

ಹಾಲಸ್ವಾಮಣ್ಣ ಚಹಾದ ಲೋಟ ಕೆಳಗಿಟ್ಟ. ಆಮೇಲೆ ಹೇಳಿದ: “ಮೂವತ್ತೊಂದು ವರ್ಷ ಹೊಲಿದೀನಿ ಹಜೀರಮ್ಮ. ನಂದೊಂದು ಹೊಲಿಗೆ ಈ ಭೂಮಿ ಮ್ಯಾಲೆ ಎಲ್ಲಾದ್ರೂ ಉಳಿದೈತಾ ಹೇಳು. ನೀನು ಹೊಲಿದ ರವಿಕೆ ಹಾಕ್ಕೊಂಡು ಜನ ಮದುವೆಗೆ ಹೋಗ್ತಾರೆ, ಫೋಟೋ ತೆಗೆಸ್ಕೊಂತಾರೆ. ನನ್ನ ಹೊಲಿಗೆನ ಎಂಟು ದಿನದಾಗೆ ಯಾರೋ ಎಳೆದು ಬಿಸಾಕ್ತಾರೆ. ಒಂದಾದ್ರೂ ಉಳೀಲಿ ಅಂತ.”

ಇಷ್ಟು ವರ್ಷ ‘ಕಟ್ಟೋದು, ಕಟ್ಟೋದು’ ಎಂದು ಚುಚ್ಚಿದ್ದು ನೆನಪಾಗಿ ಕೆಟ್ಟದೆನಿಸಿತು. ಆವತ್ತೇ ಖಲಂದರಿಗೆ ಹೇಳಿ ಆಟೋ ಟಾಪಿನ ಕಪ್ಪು ರೆಕ್ಸಿನ್ ತುಂಡೊಂದನ್ನು ತರಿಸಿಕೊಟ್ಟೆ.

ಅಳತೆ ತೆಗೆಯುವುದನ್ನು ನಾನೇ ಕಲಿಸಿದೆ. ಹಳೆಯ ಪೇಪರನ್ನು ಅವನ ಕರಿ ಸೈಕಲ್ಲಿನ ಕೊಳವೆಗಳಿಗೆ ಒತ್ತಿ ಹಿಡಿದು, ಬಳಪದಲ್ಲಿ ಗೆರೆ ಎಳೆದು, ಮಡಿಕೆಗೆ ಒಂದು ಬೆರಳು ಬಿಟ್ಟು ಕತ್ತರಿಸಿ ಕೊಟ್ಟೆ. ಅವನು ಕೂತು ಹೊಲಿದ. ಹೊಲಿದದ್ದನ್ನು ನೋಡಿದರೆ ನಗು ತಡೆಯಲಾಗಲಿಲ್ಲ. ಎಲ್ಲೆಲ್ಲೋ ನಿರಿಗೆ, ಒಂದು ಕಡೆ ಜೋಲು, ಇನ್ನೊಂದು ಕಡೆ ಬಿಗಿ. ಅವನೂ ತಲೆ ಕೆರೆದುಕೊಂಡ. ಬಿಚ್ಚಿ ಮತ್ತೆ ಹೊಲಿದ, ಮತ್ತೆ ಹಾಗೇ ಆಯಿತು.

ಮೂರನೆಯ ದಿನ ಅವನಿಗೇ ಹೊಳೆಯಿತು. “ಖಾಲಿ ಚೀಲ ಹೊಲಿಯಾಕೆ ನನಗೆ ಬರಾಕಿಲ್ಲ ಕಣಮ್ಮ. ನಾನು ಯಾವತ್ತಾದ್ರೂ ಖಾಲಿ ಚೀಲ ಹೊಲಿದೀನಾ?”

ಹೌದಲ್ಲ! ತುಂಬಿದ ಚೀಲವೇ ಅವನ ದಬ್ಬಳಕ್ಕೆ ದಾರಿ ತೋರಿಸುತ್ತಿದ್ದದ್ದು. ಅವನು ಹೋಗಿ ಒಂದು ಬುಟ್ಟಿ ಒಣ ಅಡಿಕೆ ಸಿಪ್ಪೆ ತಂದ. ರೆಕ್ಸಿನ್ನಿನ ಎರಡು ಬದಿಯನ್ನೂ ಅಲ್ಲಲ್ಲಿ ಕಚ್ಚಿಸಿ, ಒಳಗೆ ಸಿಪ್ಪೆ ಗಿಡಿದು, ಆ ಉಬ್ಬಿದ ಚೀಲವನ್ನು ಸೈಕಲ್ಲಿನ ಹೊಟ್ಟೆಯೊಳಗೆ ಕೂರಿಸಿ ಹಗ್ಗದಲ್ಲಿ ಬಿಗಿದ. ಎಲ್ಲೆಲ್ಲಿ ಪೆಡಲ್ಲು ತುಳಿಯುವಾಗ ಮೊಣಕಾಲಿಗೆ ತಾಗುತ್ತದೋ ಅಲ್ಲಲ್ಲಿ ಸಿಪ್ಪೆ ತೆಗೆದು ಚಪ್ಪಟೆ ಮಾಡಿದ. ಆಮೇಲೆ ನೆಲದ ಮೇಲೆ ಕೂತು, ಸೈಕಲ್ಲನ್ನು ಹಸುವಿನ ಹಾಗೆ ಪಕ್ಕಕ್ಕೆ ನಿಲ್ಲಿಸಿಕೊಂಡು, ಅಂಚು ಹಿಂಡಿ ಹೊಲಿಯುತ್ತ ಬಂದ. ಮಂಡಿಯ ಹಮಾಲರೆಲ್ಲ ಸುತ್ತ ನಿಂತಿದ್ದರು. ಮುಗಿಯುವಾಗ ಒಂದು ನಿರಿಗೆ ಇರಲಿಲ್ಲ. ನಾನು ಬಗ್ಗಿ ಬಗ್ಗಿ ನೋಡಿದೆ, ತಪ್ಪು ಸಿಗಲಿಲ್ಲ, ಸಿಟ್ಟು ಬಂತು.

ಚೀಲದ ಬಾಯಿಗೆ ಜಿಪ್ ಬೇಡವೇ ಬೇಡ ಎಂದ. “ಸಂಜೆ ಬಾಲ ಎಳೆದು ಬಿಚ್ತೀನಿ, ಬೆಳಿಗ್ಗೆ ಹೊಲ್ಕೊಂತೀನಿ. ಜಿಪ್ ಕೆಟ್ರೆ ಯಾರು ರಿಪೇರಿ ಮಾಡ್ತಾರೆ?” ಮೇಷ್ಟ್ರು ಬಿದ್ದು ಬಿದ್ದು ನಕ್ಕರು, ಆದರೆ ಒಪ್ಪಿದರು. ಅವನಿಗೆ ಬಾಯಿ ಹೊಲಿಯಲು ಹಿಡಿಯುವುದು ಅರ್ಧ ನಿಮಿಷ.

ಪರೀಕ್ಷೆಗೆಂದು ಒಂದು ಭಾನುವಾರ ಬೆಳಿಗ್ಗೆ ಒಬ್ಬನೇ ನಲ್ಲೂರಿಗೆ ಹೊರಟ. ಚೀಲದಲ್ಲಿ ಲುಂಗಿ, ಜಮಖಾನ, ರೊಟ್ಟಿಯ ಗಂಟು, ಶಿವಗಂಗಮ್ಮ ಬೇಡ ಬೇಡ ಎಂದರೂ ತುರುಕಿದ ಚಟ್ನಿಪುಡಿಯ ಡಬ್ಬಿ. ಹೋದವನು ಮಧ್ಯಾಹ್ನಕ್ಕೆ ಮುಂಚೆಯೇ ವಾಪಸು ಬಂದ. ಸಾಮಾನೆಲ್ಲ ಟವೆಲ್ಲಿನಲ್ಲಿ ಗಂಟು ಕಟ್ಟಿ ಹ್ಯಾಂಡಲ್ಲಿಗೆ ನೇತುಹಾಕಿದ್ದ. ಚೀಲ ಅಡಿ ಬಾಯಿ ಬಿಟ್ಟುಕೊಂಡು ಜೋಲಾಡುತ್ತಿತ್ತು.

ಆಗಿದ್ದು ಇಷ್ಟೇ. ಅಡಿಯ ಹೊಲಿಗೆ ಮುಗಿಸುವಾಗ ಅವನ ಕೈ ತನ್ನ ಪಾಡಿಗೆ ಮಂಡಿಯ ಗಂಟು ಹಾಕಿ, ಚೋಟುದ್ದ ಬಾಲ ಬಿಟ್ಟುಬಿಟ್ಟಿತ್ತು. ಮೂವತ್ತೊಂದು ವರ್ಷದ ಅಭ್ಯಾಸ, ಅವನಿಗೆ ಗೊತ್ತೂ ಆಗಿರಲಿಲ್ಲ, ಬಗ್ಗಿ ಬಗ್ಗಿ ನೋಡಿದ ನನಗೂ ಕಂಡಿರಲಿಲ್ಲ. ನಲ್ಲೂರಿನ ಅಂಗಡಿ ಸಾಲಿನ ಮುಂದೆ ಆ ಬಾಲ ಪೆಡಲ್ಲಿಗೆ ಸುತ್ತಿಕೊಂಡಿದೆ. ಎರಡು ಸಲ ತುಳಿದದ್ದೇ ತಡ, ಜರ್ರೆಂದು ಪೂರ್ತಿ ಬಿಚ್ಚಿ, ಲುಂಗಿ ಚಡ್ಡಿ ಸಮೇತ ಎಲ್ಲ ನಡುರಸ್ತೆಗೆ. ಚಹಾದಂಗಡಿಯಲ್ಲಿ ಕೂತವರು ಅಡಿಕೆ ಬೆಳೆಯುವವರೇ, ಅವರಿಗೆ ಅವನ ಗುರುತಿಲ್ಲದೆ ಏನು? “ಏನ್ ಹಾಲಸ್ವಾಮಣ್ಣ, ಸ್ಯಾಂಪಲ್ ತೋರ್ಸಾಕೆ ಬಂದ್ರಾ?” ಎಂದು ಒಬ್ಬ ಕೂಗಿದನಂತೆ. ಇಡೀ ಬೀದಿ ನಕ್ಕಿತಂತೆ.

ಇದನ್ನು ಹೇಳುವಾಗ ಅವನೂ ನಗಲು ನೋಡಿದ, ಆಗಲಿಲ್ಲ. ಎರಡು ದಿನ ಚಹಾಕ್ಕೆ ಬರಲಿಲ್ಲ. ನನಗೆ ತಡೆಯಲಾಗದೆ ನಾನೇ ಎದ್ದು ಹೋದೆ.

“ಚೀಲದ ಅಡಿಗೆ ಮಷೀನಿನಾಗೆ ಒಂದು ಸಾಲು ಹೊಡೆದು ಕೊಡ್ತೀನಿ ಅಣ್ಣಾ. ಯಾರಿಗೂ ಗೊತ್ತಾಗಲ್ಲ.”

“ಬ್ಯಾಡಮ್ಮ” ಎಂದ. “ನೀನು ಹೊಲಿದ್ರೆ ಅದು ನಿನ್ನದಾಗ್ತದೆ. ನಿನ್ನವು ಊರ ತುಂಬ ಅದಾವೆ.”

ಮತ್ತೆ ಸಿಪ್ಪೆ ತುಂಬಿ, ಮತ್ತೆ ಕೂತು, ಈ ಸಲ ಒಂದೊಂದು ಹೊಲಿಗೆಗೂ ಒಂದೊಂದು ಗಂಟು ಬಿಗಿಯುತ್ತ ಹೊಲಿದ. ಕೈ ಪದೇ ಪದೇ ಹಳೆಯ ಗಂಟಿನ ಕಡೆಗೇ ಹೋಗುತ್ತಿತ್ತು. ‘ಥೂ ನಿನ್ನ’ ಎಂದು ತನ್ನ ಕೈಗೇ ಬೈದುಕೊಳ್ಳುತ್ತಿದ್ದ. ಮುಗಿದ ಮೇಲೆ ನನ್ನ ಕತ್ತರಿ ಕೇಳಿ ಪಡೆದು ಬಾಲವನ್ನು ಬುಡಕ್ಕೆ ಕತ್ತರಿಸಿದ. ಆಯುಧಪೂಜೆಯ ದಿನ ಮಂಡಿಯ ತಕ್ಕಡಿಯ ಪಕ್ಕದಲ್ಲಿ ದಬ್ಬಳವನ್ನೂ ಚೀಲವನ್ನೂ ಇಟ್ಟು ಕುಂಕುಮ ಹಚ್ಚಿದ್ದ.

ಹೊರಡುವ ಹಿಂದಿನ ದಿನ ಚೀಲವನ್ನು ನನಗೆ ಕೊಟ್ಟು ಹೋದ, ಕೊಳವೆಗೆ ಸುತ್ತುವ ವೆಲ್ಕ್ರೋ ಅಂಟುಪಟ್ಟಿಗಳನ್ನು ಹಚ್ಚಿಕೊಡಲು. ಪಟ್ಟಿ ಹಚ್ಚಿದೆ. ಅಲ್ಲಿಗೆ ಬಿಡಬೇಕಿತ್ತು. ಆದರೆ ನನ್ನ ಕಣ್ಣ ಮುಂದೆ ನಲ್ಲೂರಿನ ಬೀದಿ ಬಂತು. ಈ ಸಲವೂ ಬಿಚ್ಚಿದರೆ? ಮೇಷ್ಟ್ರು, ಅವರ ದಾವಣಗೆರೆಯ ಗೆಳೆಯರು, ಎಲ್ಲರ ಮುಂದೆ? ಆ ಮನುಷ್ಯ ಆಮೇಲೆ ದಬ್ಬಳ ಹಿಡಿಯುತ್ತಾನೋ ಇಲ್ಲವೋ. ಚೀಲವನ್ನು ಒಳಮೈ ತಿರುಗಿಸಿ, ಅವನ ಹೊಲಿಗೆಗಿಂತ ಒಂದು ಬೆರಳು ಒಳಗೆ, ಹೊರಗೆ ಕಾಣದ ಹಾಗೆ, ಮಷೀನಿನಲ್ಲಿದ್ದ ಕೆಂಪು ದಾರದಲ್ಲೇ ಒಂದು ಸಾಲು ಹೊಡೆದೆ. ರವಿಕೆಯ ಕಂಕುಳಿಗೆ ಹಾಕುವಂಥ ಸಣ್ಣ, ಒತ್ತು ಹೊಲಿಗೆ. ನನಗೆ ಗೊತ್ತಿರುವ ಗಟ್ಟಿ ಹೊಲಿಗೆ ಅದೇ. ಖಲಂದರಿಗೂ ಹೇಳಲಿಲ್ಲ. ಪ್ರೀತಿಗೆ ಮಾಡಿದೆ ಎಂದುಕೊಂಡೆ. ಈಗ ಯೋಚಿಸಿದರೆ ಅವನ ಕೈಯ ಮೇಲೆ ನನಗೆ ನಂಬಿಕೆಯೇ ಇರಲಿಲ್ಲ.

ವಿಜಯದಶಮಿಯ ಮಾರನೆಯ ಬೆಳಿಗ್ಗೆ ಐದು ಸೈಕಲ್ಲು ಹೊರಟವು. ನಾಲ್ಕು ಹೊಸವು, ತೆಳ್ಳಗಿನ ಬಣ್ಣಬಣ್ಣದವು. ಐದನೆಯದು ಹಾಲಸ್ವಾಮಣ್ಣನ ಕರಿ ಸೈಕಲ್ಲು, ಮುಂದೆ ಒಂದು ಚೆಂಡುಹೂವಿನ ಹಾರ ಸಮೇತ. ಶಿವಗಂಗಮ್ಮ ಮೂಲೆ ತಿರುಗುವವರೆಗೂ ನಿಂತಿದ್ದು, “ಹೋದ್ರು ನೋಡು, ಪಾತ್ರೆ ಮಾರೋರು” ಎಂದಳು. ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಹೋದ ದಾರಿಯ ಸುದ್ದಿಯನ್ನು ಆಮೇಲೆ ಇಬ್ಬರೂ ಹೇಳಿದರು, ಮೇಷ್ಟ್ರು ಅರ್ಧ, ಅವನು ಅರ್ಧ. ಹೊನ್ನಾಳಿಯ ಸೇತುವೆಯ ಮೇಲೆ ಎಲ್ಲರನ್ನೂ ನಿಲ್ಲಿಸಿ ತುಂಬಿದ ಹೊಳೆ ನೋಡಿದನಂತೆ. ಬಸ್ಸಿನಲ್ಲಿ ಹತ್ತಾರು ಸಲ ದಾಟಿದ್ದ ಹೊಳೆಯೇ. “ಬಸ್ಸಿನಾಗೆ ಹೋದ್ರೆ ಹೊಳೆ ಹಿಂದಕ್ಕೆ ಹೋಗ್ತದೆ, ಸೈಕಲ್ನಾಗೆ ಹೋದ್ರೆ ನಾವು ನಿಂತಷ್ಟು ಹೊತ್ತು ಇರ್ತದೆ” ಎಂದ. ರಾತ್ರಿ ಲಂಬಾಣಿಗರ ಯಾತ್ರಾಸ್ಥಳವಾದ ಸೂರಗೊಂಡನಕೊಪ್ಪದಲ್ಲಿ ತಂಗಿದರು. ಬೆಳಿಗ್ಗೆ ಅವನು ಜಗಲಿಯಲ್ಲಿ ಕೂತು ಚೀಲದ ಬಾಯಿ ಹೊಲಿಯುವುದನ್ನು ನೋಡಲು ಯಾತ್ರೆಗೆ ಬಂದ ಜನವೆಲ್ಲ ಸೇರಿದರು. ಅವರಲ್ಲೊಬ್ಬಳು ತಾಂಡಾದ ಅಜ್ಜಿ. ಮೈತುಂಬ ಕನ್ನಡಿ ಹೊಲಿದ ಬಟ್ಟೆ ಉಟ್ಟವಳಿಗೆ ಹೊಲಿಗೆ ಗೊತ್ತಿರದೆ ಇರುತ್ತದೆಯೇ? ಚೀಲವನ್ನು ತಿರುವಿ ಮುರುವಿ, ಒಳಗೆ ಬೆರಳಾಡಿಸಿ, “ಇದ್ಯಾಕಪ್ಪ, ಒಂದು ಚೀಲಕ್ಕೆ ಎರಡು ಕೈ?” ಎಂದು ಕೇಳಿದಳಂತೆ.

ಹಾಲಸ್ವಾಮಣ್ಣ ತಾನೂ ಬೆರಳಾಡಿಸಿ ನೋಡಿದ. ಮೇಷ್ಟ್ರು ಹೇಳುವ ಪ್ರಕಾರ ಆಮೇಲೆ ದಾವಣಗೆರೆ ತಲುಪುವವರೆಗೂ ಹೆಚ್ಚು ಮಾತಾಡಲಿಲ್ಲ.

ಮೂರನೆಯ ದಿನ ಜಗಳೂರಿನ ದಾರಿ. ರಸ್ತೆಯ ಒಂದು ಬದಿಯುದ್ದಕ್ಕೂ ಮೆಕ್ಕೆಜೋಳ ಒಣಗಲು ಹರವಿದ್ದರು. ತಪ್ಪಿಸಲು ಹೋಗಿ ಸೈಕಲ್ಲು ಗುಂಡಿಗೆ ಧಡಕ್ಕನೆ ಇಳಿಯಿತು. ಇಳಿದ ಏಟಿಗೆ ಚೀಲದ ಅಡಿ ಹರಿಯಿತು. ಬಿಚ್ಚಿದ್ದಲ್ಲ, ಹರಿದದ್ದು. ನನ್ನ ಮಷೀನಿನ ಸಾಲಿನ ಗುಂಟ, ಸೂಜಿ ತೂತಿನಿಂದ ತೂತಿಗೆ, ಪುಸ್ತಕದಿಂದ ರಸೀತಿ ಹರಿದುಕೊಡುವ ಹಾಗೆ, ಗೇಣುದ್ದ. ಅದರ ಪಕ್ಕದಲ್ಲೇ ಅವನ ಹುರಿದಾರದ ಹೊಲಿಗೆ ಒಂದೂ ಅಲ್ಲಾಡಿರಲಿಲ್ಲ. ಜಗಳೂರಿನಲ್ಲಿ ಯರ್ರಿಸ್ವಾಮಿ ಎಂಬವರ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಚೀಲಕ್ಕೆ ಅಂಗಡಿಯ ಮೆಕ್ಕೆಜೋಳದ ಸಿಪ್ಪೆ ತುಂಬಿ, ಹರಿದಲ್ಲಿಗೆ ಅಡ್ಡಡ್ಡ ಹೊಲಿದನಂತೆ. ಅಲ್ಲಿಂದ ಚನ್ನಗಿರಿಯವರೆಗೆ ಚೀಲ ಕಮಕ್ ಕಿಮಕ್ ಎನ್ನಲಿಲ್ಲ.

ನನಗೆ ಇದೊಂದೂ ಗೊತ್ತಿರಲಿಲ್ಲ. ನಾಲ್ಕನೆಯ ದಿನ ಸಂಜೆ ಸೈಕಲ್ಲಿನ ಗಂಟೆಯ ಶಬ್ದ ಕೇಳಿ ಹೊರಗೆ ಬಂದೆ. ಹಾಲಸ್ವಾಮಣ್ಣ ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದ, ಮುಖದ ತುಂಬ ನಗು. ಖಲಂದರ್ ಕೂಡ ಅಂಗಡಿಯಲ್ಲೇ ಇದ್ದರು.

“ಬಿಚ್ಚಲಿಲ್ವಾ ಅಣ್ಣಾ?”

“ನಂದು ಬಿಚ್ಚಿಲ್ಲ” ಎಂದು ಚೀಲವನ್ನು ಕಳಚಿ, ಒಳಮೈ ತಿರುಗಿಸಿ ನನ್ನ ಮೇಜಿನ ಮೇಲಿಟ್ಟ. “ನಿಂದು ಸ್ವಲ್ಪ ಹರಿದೈತೆ ನೋಡಮ್ಮ.”

ನನ್ನ ಕೆಂಪು ದಾರ ಅಲ್ಲಿ ಎದ್ದು ಕಾಣುತ್ತಿತ್ತು. ಸೂರಗೊಂಡನಕೊಪ್ಪದ ಅಜ್ಜಿಯ ಮಾತನ್ನೂ ಅವನು ಹೇಳಿದಾಗ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಖಲಂದರ್ ಬಗ್ಗಿ ನೋಡಿ, ನನ್ನ ಮಾನ ಉಳಿಸುವುದನ್ನು ಬಿಟ್ಟು, “ರೆಕ್ಸಿನ್ನಿಗೆ ರವಿಕೆ ಹೊಲಿಗೆ ಹಾಕಿದೀಯಾ? ಇದು ಹೊಲಿದಂಗಲ್ಲ, ಇಲ್ಲಿ ಹರೀರಿ ಅಂತ ಗೆರೆ ಎಳೆದಂಗೆ!” ಎಂದರು. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಸಂಸಾರ ಮಾಡಿಯೂ ನಾನು ಅವರನ್ನು ಒಂದು ಮಾತು ಕೇಳಿರಲಿಲ್ಲ.

“ತಪ್ಪಾತು ಅಣ್ಣಾ” ಎಂದೆ. “ಬ್ಯಾಡ ಅಂದ್ರೂ ಕೇಳಲಿಲ್ಲ. ಸೂರಗೊಂಡನಕೊಪ್ಪದಾಗೇ ಗೊತ್ತಾತು ಅಂತೀರಿ. ಮತ್ತೆ ಅಲ್ಲೇ ನನ್ನ ದಾರ ಕಿತ್ತು ಬಿಸಾಕಬೇಕಿತ್ತು. ಚೀಲ ಪೂರ್ತಿ ನಿಮ್ಮದೇ ಆಗ್ತಿತ್ತು.”

“ಕೀಳೋಣ ಅಂತಲೇ ಕೈ ಹಾಕಿದೆ. ಸಿಟ್ಟೂ ಬಂದಿತ್ತು, ಸುಳ್ಳು ಹೇಳಲ್ಲ.” ಅವನು ಟವೆಲ್ಲಿನಿಂದ ದಬ್ಬಳ ತೆಗೆದ. “ಮೂವತ್ತೊಂದು ವರ್ಷ ನನ್ನ ಹೊಲಿಗೆನ ಎಲ್ರೂ ಬಿಚ್ಚಿದಾರೆ ಹಜೀರಮ್ಮ. ಅದು ಹೆಂಗಿರ್ತದೆ ಅಂತ ನನಗೆ ಗೊತ್ತೈತೆ. ನಾನು ಇನ್ನೊಬ್ಬರ ಹೊಲಿಗೆ ಬಿಚ್ಚಲಾ?”

ಖಲಂದರ್ ಎದ್ದು ಹೋಗಿ ಮೂರು ಚಹಾ ಹೇಳಿ ಬಂದರು.

ಹರಿಯದೆ ಉಳಿದಿದ್ದ ನನ್ನ ಸಾಲನ್ನು ಭದ್ರ ಮಾಡಬೇಕಿತ್ತು. ಒಳಗೆ ತುಂಬಲು ಏನೂ ಇರಲಿಲ್ಲ, ನಾನೇ ರವಿಕೆಯ ಕತ್ತರಿಸಿದ ಚೂರುಗಳನ್ನೆಲ್ಲ ಗುಡಿಸಿ ತಂದು ಬಿಗಿಯಾಗಿ ತುಂಬಿಕೊಟ್ಟೆ. ಅವನು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತ. ನಾನು ಬಟ್ಟೆಯ ಅಂಚನ್ನು ಹಿಂಡಿ ಹಿಡಿದೆ, ಅವನು ನನ್ನ ಕೆಂಪು ದಾರದ ಮೇಲೆ ತನ್ನ ಹುರಿದಾರವನ್ನು ಅಡ್ಡಡ್ಡ ಹಾಕುತ್ತ, ಒಂದೊಂದಕ್ಕೂ ಗಂಟು ಬಿಗಿಯುತ್ತ ಬಂದ. ಚಹಾ ಆರಿಹೋಯಿತು. ಕೊನೆಯ ಗಂಟಿನಲ್ಲಿ ಚೋಟುದ್ದದ ಬಾಲ ಬಿಟ್ಟ.

“ಮತ್ತೆ ಬಾಲ ಬಿಟ್ರಲ್ಲ ಅಣ್ಣಾ!”

“ಬೇಕಂತಲೇ ಬಿಟ್ಟೀನಿ. ಎಳಿ ನೋಡಾನ.”

ಎರಡು ಬೆರಳಲ್ಲಿ ಹಿಡಿದು ಎಳೆದೆ. ಬರಲಿಲ್ಲ. ಅಂಗೈಗೆ ಸುತ್ತಿಕೊಂಡು, ಮೆಟ್ಟಿಲಿಗೆ ಕಾಲು ಕೊಟ್ಟು, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದೆ. ಅಂಗೈ ಕೆಂಪಗಾಯಿತು, ಹೊಲಿಗೆ ಒಂದು ಎಳೆ ಸಡಿಲವಾಗಲಿಲ್ಲ. ಹಾಲಸ್ವಾಮಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಒಳಗೆ ಹೋಗಿ ಕತ್ತರಿ ತಂದು, ಬಾಲವನ್ನು ಬುಡಕ್ಕೆ ಕತ್ತರಿಸಿದೆ.